ಏಪ್ರಿಕೇಟ್ ಮಾಡಿದವರ ಸಹಿ

ಬಳಸುವವರಿಲ್ಲದ ಕ್ರಿಯಾಪದವನ್ನು ಧಾರವಾಡದ ಪದಕಚೇರಿಯಲ್ಲಿ ಹನ್ನೆರಡರ ಸೈರನ್ನಿಗೆ ಅಳಿಸುತ್ತಿದ್ದರು. ಅದರೊಡನೆ ಆ ಪದ ಹೇಳುವ ಕೆಲಸವೂ ಲೋಕಕ್ಕೆ ಮರೆತುಹೋಗುತ್ತಿತ್ತು. ಆ ಚಳಿಗಾಲದ ದಿನ ‘ಏಪ್ರಿಕೇಟ್’ ಎಂಬ ಹಳೆಯ ಇಂಗ್ಲಿಷ್ ಪದದ ಸರದಿ.

“ಸುಮ್ಮನ ಬಿಸಿಲು ಕಾಸಿಕೋತ ಕುಂಡ್ರೋದು ಅಂತ ಅರ್ಥ. ಇದನ್ನೂ ಅಳಸ್ತೀರೇನು? ನಾಚಿಕಿ ಇಲ್ಲ?” ಎಂದು ನಿವೃತ್ತ ಇಂಗ್ಲಿಷ್ ಮಾಸ್ತರರಾದ ಚನಮಲ್ಲಯ್ಯನವರು ಗುಡುಗಿದರು.

ಗುಮಾಸ್ತೆ ಫಕ್ಕೀರವ್ವ ಅವರದೇ ಶಿಷ್ಯೆ. “ಪದ ಉಳೀಬೇಕಂದ್ರ ಅರ್ಥ ಸಾಲೂದಿಲ್ರಿ ಸರ್, ಹನ್ನೆರಡರೊಳಗ ಅದನ್ನ ಮಾಡಿದವ್ರ ಸಹಿ ಬೇಕು. ನೀವು ಯಾವಾಗ ಮಾಡೀರಿ? ನಾವು ಬಿಸಿಲಿಗೆ ಕುಂತ್ರ ಮೈಗಳ್ಳರು ಅಂತ ಛಡಿ ಏಟು ಕೊಡ್ತಿದ್ರಿ.”

ಮಾಸ್ತರರು ನೆನಪು ಕೆದಕಿದರು. ಎಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಮಾಡಿರಲಿಲ್ಲ.

“ಹಂಗ ಒಂದು ಸಹಿ ಹಾಕಿಬಿಡ್ರಿ, ಯಾರು ನೋಡ್ತಾರ?” ಎಂದಳು ಫಕ್ಕೀರವ್ವ.

“ಛೀ! ಸುಳ್ಳು ಸಹಿ? ಇನ್ನೂ ಕಾಲು ತಾಸು ಐತಿ. ತಡಿಯವ್ವ, ಮಾಡೇ ಬರ್ತೀನಿ.”

ಹೊರಗಿನ ಕಲ್ಲುಮೆಟ್ಟಿಲ ಮೇಲೆ ಅವರು ಪರೀಕ್ಷೆಗೆ ಕುಳಿತವರಂತೆ ಸೆಟೆದು ಕುಳಿತರು. ಬಿಸಿಲು ಮೆಲ್ಲಗೆ ಬೆನ್ನಿಗಿಳಿಯಿತು. ಭುಜ ಸಡಿಲಿತು, ಕಣ್ಣು ಮುಚ್ಚಿತು. ಇಷ್ಟು ಸುಖದ ಕೆಲಸಕ್ಕೆ ಮಕ್ಕಳನ್ನು ಹೊಡೆದೆನೇ ಎಂದು ಮರುಗುತ್ತ, ಆ ಸುಖದಲ್ಲೇ ಸಹಿಯನ್ನು ಮರೆತರು.

ಒಳಗಿನಿಂದ ಫಕ್ಕೀರವ್ವ “ಸರ್! ಸಹಿ!” ಎಂದು ಕೂಗುತ್ತಿರುವಾಗಲೇ ಸೈರನ್ ಮೊಳಗಿತು.

ಮಾಸ್ತರರು ಕಣ್ಣು ಬಿಟ್ಟರು. ನೆರಳು ಪಕ್ಕದಲ್ಲೇ ಇರುವಾಗ ತಾವು ಬಿಸಿಲಲ್ಲೇಕೆ ಕುಳಿತಿದ್ದೇವೆಂಬುದು ಅವರಿಗೆ ತಿಳಿಯಲಿಲ್ಲ. ಎದ್ದು ನೆರಳಿಗೆ ಸರಿದು, ಮೈಯ ಬಿಸುಪನ್ನು ಜ್ವರವೆಂದು ಬಗೆದು, ಹಣೆ ಮುಟ್ಟಿ ನೋಡಿಕೊಂಡರು.