ಹಸಿ ಹಳದಿ ಬಣ್ಣ

ಹಸಿ ಬಣ್ಣದ ವಾಸನೆ ಬಂದರೆ ಇವತ್ತಿಗೂ ನನ್ನ ಬೆರಳು ಎಣಿಸಿಕೊಳ್ಳುತ್ತೇನೆ. ಮಿಕ್ಸಿಯ ಪ್ಲಗ್ ಕಿತ್ತಮೇಲೂ ಎರಡು ಸಲ ನೋಡುವ ಪುಕ್ಕಲಿ ನಾನು.

ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುವ ಮೆಷಿನ್ನು ಅಮ್ಮನ ಎರಡು ಬೆರಳು ತಿಂದ ವಾರಕ್ಕೆ ಇನ್‌ಸ್ಪೆಕ್ಟರು ಬಂದರು. ಅದರ ಬಾಯಿಗೆ ಅಂದು ಬೆಳಿಗ್ಗೆಯಷ್ಟೇ ಹಳದಿ ಬಳಿದ ಕಬ್ಬಿಣದ ಜಾಲರಿ ಕೂರಿಸಿದ್ದರು.

"ಜಾಲರಿ ಮೊದಲಿಂದಲೂ ಇತ್ತು ಸಾರ್, ಈಯಮ್ಮನೇ ತೆಗೆದು ಕೈ ಹಾಕವ್ಳೆ," ಅಂದ ಮೇಸ್ತ್ರಿ.

"ಅದು ಇದ್ದಿದ್ರೆ ನನ್ ಬೆರಳೂ ಇರ್ತಿದ್ವಲ್ಲಣ್ಣ," ಅಂದಳು ಅಮ್ಮ.

ಇನ್‌ಸ್ಪೆಕ್ಟರು ಜಾಲರಿ ಹಿಡಿದು ಅಲುಗಿಸಿದರು. ಅಂಗೈಯೆಲ್ಲ ಹಳದಿಯಾಯಿತು. ಅದನ್ನೊಮ್ಮೆ ನೋಡಿಕೊಂಡು, ಅಮ್ಮನ ಪಕ್ಕ ನಿಂತಿದ್ದ ನನಗೆ, "ಸ್ವಲ್ಪ ಸೀಮೆಎಣ್ಣೆ ತಗೊಂಬಾ ಪುಟ್ಟಿ," ಅಂದರು.

ಹೇಳಿದ ಮಾತು ಕೇಳುವುದರಲ್ಲಿ ನಾನು ಬಲು ಜಾಣೆ. ಓಡಿಹೋಗಿ ತಂದುಕೊಟ್ಟೆ. ಬಣ್ಣ ಒರೆಸಿಕೊಂಡು, ಚೊಕ್ಕವಾದ ಕೈಯಲ್ಲಿ ನನ್ನ ಕೆನ್ನೆ ತಟ್ಟಿ, 'ಕೆಲಸದವಳ ಅಜಾಗರೂಕತೆ' ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಬರೆದರು.