ಪುಸ್ತಕದ ಸಮರೇಂದ್ರ

ನಮ್ಮ ಗ್ರಂಥಾಲಯದಲ್ಲಿ ಕಥಾನಾಯಕರನ್ನು ವಾರದ ಮಟ್ಟಿಗೆ ಮನೆಗೆ ಕಳಿಸುತ್ತಾರೆ. ನಾನು ಚಿಕ್ಕಂದಿನಲ್ಲಿ ಓದಿದ ಸಾಹಸ ಕಥೆಯ ಕ್ಯಾಪ್ಟನ್ ಸಮರೇಂದ್ರನನ್ನು ಕೇಳಿದೆ.

“ಪುಸ್ತಕದವನೇ ಬೇಕು. ಸತ್ತ ಗೆಳೆಯನ ಪಕ್ಕ ಕೂತು ಅಳ್ತಾನಲ್ಲ, ಅವನು.”

“ಅವನನ್ನ ಯಾರೂ ಕೇಳ್ತಿರ್ಲಿಲ್ಲ ಕಣಮ್ಮ, ವಾಪಸ್ ಕಳಿಸ್ಬಿಟ್ವಿ,” ಎಂದರು ಕೌಂಟರಿನ ಜಲಜಾಕ್ಷಿ. “ಸಿನಿಮಾದವನಿದಾನೆ, ಕರ್ಕೊಂಡ್ಹೋಗಿ. ಎಂಥಾ ಎದೆ ನೋಡಿ! ಅಳೋ ಸೀನೆಲ್ಲ ತೆಗೆದುಹಾಕಿದಾರೆ.”

ಕರೆತಂದೆ. ಊಟಕ್ಕೆ ಕರೆದರೆ ಕೂರಲಿಲ್ಲ. ಕಿಟಕಿಗಳನ್ನೆಲ್ಲ ಪರೀಕ್ಷಿಸಿದ. ಮೂಲೆಯಲ್ಲಿದ್ದ ಗಂಡಸಿನ ಚಪ್ಪಲಿ ಕಂಡು ತಟ್ಟನೆ ನಿಂತ.

“ಇದರ ಒಡೆಯ ಎಲ್ಲಿ?”

“ನನ್ನ ಗಂಡ ಅಚ್ಯುತನದು. ತೀರಿಕೊಂಡು ಐದು ತಿಂಗಳಾಯ್ತು.”

ಸರ್ರನೆ ಕತ್ತಿ ಹಿರಿದ. “ಕೊಂದವನ ಹೆಸರು ಹೇಳು, ಸೋದರಿ!”

“ಡೆಂಗಿ.”

“ಎಲ್ಲಿ ಅಡಗಿದ್ದಾನೆ ಆ ನೀಚ?”

“ಮನುಷ್ಯ ಅಲ್ಲ, ಜ್ವರ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಸ್ವಲ್ಪ ಕೂತ್ಕೊ, ಹೇಳ್ತೀನಿ. ಯಾರಿಗೂ ಹೇಳಿಲ್ಲ.”

ಅವನ ಮುಖ ಏನನ್ನೋ ಹುಡುಕಾಡಿತು. ಅದು ಅವನಲ್ಲಿರಲಿಲ್ಲ.

“ಹೆದರಬೇಡ, ನಾನಿದ್ದೇನೆ,” ಎಂದು ಬಾಗಿಲಿಗೆ ಮುಖಮಾಡಿ, ಕತ್ತಿ ಹಿಡಿದು ಕಾವಲು ನಿಂತ.

ನಾನು ಆ ಒಂಬತ್ತು ದಿನಗಳನ್ನು ಅವನ ಬೆನ್ನಿಗೆ ಹೇಳತೊಡಗಿದೆ.