ಶೇಕಡಾ ಇಪ್ಪತ್ತರ ತೇವ

ಅಂದು ಹರಿಣಾಕ್ಷಿ ಎಂದಿಗಿಂತ ಒಂದು ಗಂಟೆ ಮೊದಲೇ ಬಂದು ಪ್ರಯೋಗಾಲಯದ ಬಾಗಿಲು ತಳ್ಳಿದಳು. ಪರೀಕ್ಷಾ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಹುಲಿಗೆಪ್ಪ ಲೋಟದಿಂದ ಅದರೊಳಗಿನ ತಟ್ಟೆಯ ಕೆಳಗೆ ನೀರು ಸುರಿಯುತ್ತಿದ್ದ.

"ಏನ್ ಮಾಡಾಕತ್ತೀರಿ?"

ಅವನು ಅಲ್ಲಿಯ ಗುತ್ತಿಗೆ ಸಹಾಯಕ, ಯಾದಗಿರಿ ಕಡೆಯವ. ತಲೆ ತಗ್ಗಿಸಿದ. "ಸಾಹೇಬ್ರನ್ನ ಕೇಳ್ರಿ ಅಕ್ಕಾರ," ಎಂದಷ್ಟೇ ಹೇಳಿದ.

ಆ ಪೆಟ್ಟಿಗೆಯಲ್ಲಿ ಅವಳ ನಾಲ್ಕು ವರ್ಷಗಳಿದ್ದವು. ಹೈಡ್ರೋಜನ್‌ನಿಂದ ವಿದ್ಯುತ್ ತೆಗೆಯುವ ಇಂಧನ ಕೋಶಕ್ಕೆಂದು ಅವಳು ತಯಾರಿಸಿದ ಪಾಲಿಮರ್ ಪೊರೆ. ಇಂಥ ಪೊರೆಗಳೊಳಗೆ ಕೂದಲಿನ ದಪ್ಪದ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಾಲುವೆಗಳಿರುತ್ತವೆ. ಗಾಳಿಯಲ್ಲಿ ತೇವವಿದ್ದರೆ ಅವು ಉಬ್ಬಿ ಒಂದಕ್ಕೊಂದು ಕೂಡುತ್ತವೆ. ವಿದ್ಯುತ್ ಹೊರುವ ಅಯಾನುಗಳು ಹರಿಯುತ್ತವೆ. ಒಣಗಿದರೆ ಕಾಲುವೆಗಳು ಕುಗ್ಗಿ ಕಡಿದುಹೋಗುತ್ತವೆ. ಹರಿಣಾಕ್ಷಿಯ ಪೊರೆ ಮಾತ್ರ ಶೇಕಡಾ ಇಪ್ಪತ್ತರ ತೇವದಲ್ಲೂ ಅಯಾನು ಹರಿಸುತ್ತಿತ್ತು. ಪುಣೆಯ ಆ ಸಣ್ಣ ಸಂಸ್ಥೆಯ ಹೆಸರು ಅವಳ ಪ್ರಬಂಧದಿಂದಲೇ ಹೊರದೇಶಗಳಿಗೆ ತಲುಪಿತ್ತು.

ಹುಲಿಗೆಪ್ಪ ಸಾಹೇಬ್ರು ಎನ್ನುತ್ತಿದ್ದುದು ಅವಳ ಮಾರ್ಗದರ್ಶಕ ಡಾ. ಮಹೇಶಕುಮಾರರನ್ನು. ಅವರು ಸಂಗತಿ ಕೇಳಿ ಎದ್ದು ಕೋಣೆಯ ಬಾಗಿಲು ಮುಚ್ಚಿದರು. ಕಲಬುರಗಿಯವರು, ಅವಳನ್ನು ಮಗಳಂತೆ ಕಂಡವರು. ಪೆಟ್ಟಿಗೆಯೊಳಗಿನ ತೇವ ತೋರಿಸುವ ಮೀಟರನ್ನೂ ಬೇರೆಯವರ ಕೈಗೆ ಕೊಡದೆ ತಾವೇ ಹೊಂದಿಸುತ್ತಿದ್ದರು.

"ಅವ ಇನ್ನ ಇಲ್ಲಿ ಇರಬಾರದು. ದೂರು ಬರದು ಸಹಿ ಮಾಡು," ಎಂದರು. "ನಿನ್ನ ಸಲುವಾಗಿ ಹೇಳಾಕತ್ತೀನಿ."

ಸಹಿ ಮಾಡಿದಳು. ಮಧ್ಯಾಹ್ನದೊಳಗೆ ಹುಲಿಗೆಪ್ಪ ಗೇಟಿನಾಚೆ ಇದ್ದ.

ಮರುದಿನದಿಂದ ಪೊರೆ ಸತ್ತಂತಾಯಿತು. ನಲ್ಲಿ ನೀರಿನ ಉಪ್ಪು ತಗುಲಿ ಕೆಟ್ಟಿರಬೇಕು ಎಂದರು ಮಹೇಶಕುಮಾರ. ಪೆಟ್ಟಿಗೆ ಬಿಚ್ಚಿ ಒರೆಸಿದಳು. ಹೊಸ ಪೊರೆ ಮಾಡಿದಳು. ಮತ್ತೊಂದು. ಹನ್ನೊಂದನೆಯದೂ ಏನನ್ನೂ ಹರಿಸಲಿಲ್ಲ. ಮೀಟರು ಮಾತ್ರ ಎಂದಿನಂತೆ ಶೇಕಡಾ ಇಪ್ಪತ್ತನ್ನೇ ತೋರಿಸುತ್ತಿತ್ತು. ೨೦೦೩ರ ಮೇ ತಿಂಗಳು ಮುಗಿಯುವಷ್ಟರಲ್ಲಿ ಜರ್ಮನಿಯ ಪ್ರಯೋಗಾಲಯವೊಂದರಿಂದ ಪತ್ರ ಬಂತು: ನಿಮ್ಮ ಫಲಿತಾಂಶ ನಮಗೆ ಸಿಗುತ್ತಿಲ್ಲ, ವಿವರಣೆ ಕೊಡಿ. ಪ್ರಬಂಧದ ಮೊದಲ ಹೆಸರು ಅವಳದು.

"ಅಳತೆ ಎಲ್ಲಾ ನಿನ್ನವು. ಉತ್ತರಾನೂ ನೀನ ಕೊಡಬೇಕು," ಎಂದು ಮಹೇಶಕುಮಾರ ಪತ್ರವನ್ನು ಅವಳತ್ತ ಸರಿಸಿದರು.

ಉಳಿದಿದ್ದು ಒಂದೇ ದಾರಿ. ವಿಚಾರಿಸುತ್ತ ಪುಣೆಯ ಅಂಚಿನ ಖರಾಡಿಗೆ ಹೋದಳು. ಏಳುತ್ತಿದ್ದ ಕಟ್ಟಡವೊಂದರ ಬುಡದಲ್ಲಿ ಹುಲಿಗೆಪ್ಪ ಇಟ್ಟಿಗೆ ಹೊರುತ್ತಿದ್ದ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಅವಳನ್ನು ಕಂಡು ಬುಟ್ಟಿ ಇಳಿಸಿ, ಕೂಡಲು ಸಿಮೆಂಟ್ ಚೀಲ ಹಾಸಿದ. ಅವಳು ಕೂಡಲಿಲ್ಲ.

"ಆ ನೀರಿನಾಗ ಏನ್ ಬೆರೆಸಿದ್ರಿ? ಅಷ್ಟ ಹೇಳ್ರಿ. ನನ್ನ ಬಾಳೇವು ಹಾಳಾಗೇತಿ."

ಅವನು ಗಾಬರಿಯಾದ. "ಏನೂ ಬೆರೆಸಿಲ್ರಿ ಅಕ್ಕಾರ. ಬರೀ ನೀರು."

ಅವಳ ಮುಖ ನೋಡಿ ಮೆಲ್ಲಗೆ ಸೇರಿಸಿದ: "ಮೂರು ವರ್ಷ ದಿನಾ ಮುಂಜಾನೆ ನೀವು ಬರೂದ್ರಾಗ ಹಾಕೀನ್ರಿ, ಹಾಕಲಿಲ್ಲಂದ್ರ ಅಕ್ಕಾರ ಓದು ಕೆಡ್ತದ, ಅವರಿಗೆ ಹೇಳಬ್ಯಾಡ ಅಂದಿದ್ರು ಸಾಹೇಬ್ರು."